ಕಡಲಿಲ್ಲದ ಊರಿನ ಸಾಗರ

ವಿಸರ್ಜನೆಯೆಂಬ ವಿಧಿ ಪೂರ್ಣವಾಗುವುದು ಮೂರ್ತಿ ನೀರಿಗೆ ಇಳಿದಾಗಲೋ ಅಥವಾ ನೀರಿನಲ್ಲಿ ಕರಗಿದಾಗಲೋ ಎಂಬ ಪ್ರಶ್ನೆ ಪುರೋಹಿತರ ನಡುವಿನ ಸೂಕ್ಷ್ಮ ಚರ್ಚೆಯಂತೆ ಕಂಡರೂ, ಹೈದರಾಬಾದಿನಲ್ಲಿ ಅದು ಪ್ರತಿ ಭಾದ್ರಪದದಲ್ಲೂ ಕ್ರೇನು, ಲಾರಿ, ನ್ಯಾಯಾಲಯದ ಆದೇಶಗಳ ರೂಪ ತಾಳಿ ಬೀದಿಗೆ ಬರುತ್ತದೆ. ಮುಂಬಯಿಯ ಗಣೇಶನಿಗೆ ಗಿರಗಾಂವ್ ಚೌಪಾಟಿಯ ಕಡಲಿದೆ. ಹೈದರಾಬಾದಿನ ಗಣೇಶನಿಗಿರುವುದು ಒಂದು ಕೆರೆ. ಇಬ್ರಾಹಿಂ ಕುಲಿ ಕುತುಬ್ ಶಾಹನ ಆಳ್ವಿಕೆಯಲ್ಲಿ, 1562ರ ಸುಮಾರಿಗೆ, ಎಂದರೆ 1591ರಲ್ಲಿ ಹೈದರಾಬಾದ್ ನಗರವೇ ಹುಟ್ಟುವುದಕ್ಕೆ ಮೂರು ದಶಕ ಮೊದಲು, ಹುಸೇನ್ ಶಾ ವಲಿ ಎಂಬ ಸೂಫಿಯ ಮೇಲ್ವಿಚಾರಣೆಯಲ್ಲಿ ಕಟ್ಟಿದ ಆ ಕೆರೆ, ಆತನ ಹೆಸರಿಗೆ ಸಂಸ್ಕೃತದ ಪದವೊಂದನ್ನು ಹೊಂದಿಸಿಕೊಂಡು ಹುಸೇನ್ ಸಾಗರವಾಯಿತು. ಸೂಳೆಕೆರೆಯನ್ನು ಶಾಂತಿಸಾಗರವೆಂದು ಕರೆಯುವ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು: ಮಳೆಯನ್ನೇ ನೆಚ್ಚಿಕೊಂಡ ಒಳನಾಡು, ತಾನು ಕಾಣದ ಕಡಲಿನ ಹೆಸರನ್ನು ತನ್ನ ಕೆರೆಗಳಿಗೆ ಇಟ್ಟುಕೊಂಡು ಬಂದಿದೆ.

ಚತುರ್ಥಿಯಂದು ನಡೆಯುವುದು ಪಾರ್ಥಿವ ಪೂಜೆ, ಅಂದರೆ ಪೃಥ್ವಿಯಿಂದ, ಬರಿಯ ಮಣ್ಣಿನಿಂದ, ಮಾಡಿದ ಮೂರ್ತಿಗೆ ಸಲ್ಲುವ ಪೂಜೆ. ದೇಗುಲದ ಶಿಲಾಮೂರ್ತಿಯ ಹಾಗೆ ಇದು ನೆಲೆನಿಲ್ಲುವಂಥದ್ದಲ್ಲ. ಆವಾಹನೆಯಿಂದ ದೇವತೆಯನ್ನು ಕರೆದು, ಪ್ರಾಣಪ್ರತಿಷ್ಠೆಯಿಂದ ಮೂರ್ತಿಯಲ್ಲಿ ಚೈತನ್ಯ ನೆಲೆಸಿತೆಂದು ಭಾವಿಸಿ, ಉಪಚಾರಗಳೆಲ್ಲ ಮುಗಿದ ಮೇಲೆ ಉದ್ವಾಸನೆಯಿಂದ, ಎಂದರೆ ಬೀಳ್ಕೊಡುವ ವಿಧಿಯಿಂದ, ಆ ಸಾನ್ನಿಧ್ಯವನ್ನು ಕಳಿಸಿಕೊಡಲಾಗುತ್ತದೆ. ಮನೆಯ ಹಿರಿಯರು ಅಕ್ಷತೆ ಹಾಕಿ ಗಣಪನನ್ನು ಕೂತ ಜಾಗದಿಂದ ತುಸುವೇ ಕದಲಿಸುವುದು ಇದೇ ಕಾರಣಕ್ಕೆ. ಬಳಿಕ ಬಾವಿಯಲ್ಲೋ ಬಕೆಟ್ಟಿನಲ್ಲೋ ಮುಳುಗಿಸಿದ ಆ ಮಣ್ಣಿನ ಗಣಪ ಮೊದಲು ಬಣ್ಣ ಬಿಟ್ಟು, ಆಮೇಲೆ ಸೊಂಡಿಲು ಕಳಚಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೂತ ಕೆಸರಾಗಿರುತ್ತಾನೆ, ಮತ್ತು ಆ ಕೆಸರು ಹೂಗಿಡದ ಬುಡಕ್ಕೆ ಹೋಗುತ್ತದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಮಣ್ಣಿನ ಮುದ್ದೆಯ ದೃಷ್ಟಾಂತ ಕೊಟ್ಟು, ಮಡಕೆ ಕುಡಿಕೆಗಳ ಭೇದವೆಲ್ಲ ಹೆಸರಿನದೆಂದೂ ಅವುಗಳ ಕಾರಣವಾದ ಮಣ್ಣೇ ನಿಜವೆಂದೂ ತಿಳಿಸುತ್ತಾನೆ. ಅದೇ ವಿಚಾರವನ್ನು ಪಾಠವಿಲ್ಲದೆ, ಕಣ್ಣೆದುರಿಗೇ ಮಾಡಿ ತೋರಿಸುವ ವಿಧಿಯೆಂದು ವಿಸರ್ಜನೆಯನ್ನು ತಿಳಿಯಬಹುದು.

ಮಣ್ಣಿನ ಬದಲು ಮೂರ್ತಿಗೆ ಬಳಸುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಈ ತರ್ಕವನ್ನು ಬುಡಮೇಲು ಮಾಡುತ್ತದೆ. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿ, ಅದರೊಳಗಿನ ನೀರಿನ ಬಹುಪಾಲನ್ನು ಹೊರಗಟ್ಟಿದಾಗ ದೊರೆಯುವ ಈ ಪುಡಿ, ಅಚ್ಚಿಗೆ ಹೊಯ್ಯಲು ನೀರು ಬೆರೆಸಿದೊಡನೆ ಮತ್ತೆ ಜಿಪ್ಸಂ ಆಗಿ ಬಿಗಿದುಕೊಳ್ಳುತ್ತದೆ. ಆಮೇಲೆ ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲದ್ದು ಅದರ ಎರಡು ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. ಮಣ್ಣನ್ನು ಬಿಡಿಸುವ ನೀರು ಇದನ್ನು ಕಟ್ಟುತ್ತದೆ.

ಇದಕ್ಕೆ ಶಾಸ್ತ್ರದ ಕಡೆಯಿಂದಲೇ ಒಂದು ಸಮಾಧಾನವನ್ನು ಹೇಳಬಹುದು: ಉದ್ವಾಸನೆಯೊಂದಿಗೆ ದೇವತೆ ಹೊರಟುಹೋಗಿರುವುದರಿಂದ ನೀರಿಗೆ ಬೀಳುವುದು ಬರಿಯ ಜಡವಸ್ತು, ಅದು ಕರಗಲಿ ಬಿಡಲಿ ಪೂಜೆಗೆ ಕುಂದಿಲ್ಲ. ವಾದ ಗಟ್ಟಿಯಾದದ್ದೇ. ಆದರೆ ಅದನ್ನು ಒಪ್ಪಿದರೆ, ಆ ಜಡವಸ್ತುವನ್ನು ಇಷ್ಟೊಂದು ಮೆರವಣಿಗೆಯೊಡನೆ ಕೆರೆಗೇ ಒಯ್ಯಬೇಕೆನ್ನುವ ಹಟಕ್ಕೆ ಆಧಾರ ತಪ್ಪುತ್ತದೆ. ಒಪ್ಪದೆ, ಮೂರ್ತಿಯಲ್ಲಿ ಇನ್ನೂ ಪಾವಿತ್ರ್ಯ ಉಳಿದಿದೆಯೆಂದರೆ, ಮರುದಿನ ಅದರ ಕೈಕಾಲುಗಳನ್ನು ಯಂತ್ರದ ಬಕೆಟ್ಟಿನಿಂದ ಬಾಚಿ ತೆಗೆಯುವುದನ್ನು ಯಾವ ಭಕ್ತನೂ ನೋಡಲಾರ. ಕಡಲು ಈ ಇಕ್ಕಟ್ಟನ್ನು ಮರೆಸುತ್ತದೆಯೇ ಹೊರತು ಬಿಡಿಸುವುದಿಲ್ಲ. ಚೌಪಾಟಿಯಲ್ಲೂ ಅಲೆಗಳು ಒಡೆದ ತುಂಡುಗಳನ್ನು ದಡಕ್ಕೆ ತಂದು ಹಾಕುತ್ತವೆ.

ಕರಗದ ರೂಪವನ್ನು ನೀರಿನೆದುರು ಹೇಗೆ ನಡೆಸಿಕೊಳ್ಳಬೇಕೆಂಬುದು ಇದೇ ನಗರದ ಇನ್ನೊಂದು ಸಂಪ್ರದಾಯಕ್ಕೆ ಗೊತ್ತಿದೆ. ಮೊಹರಂ ಹತ್ತನೆಯ ದಿನ ದಬೀರ್‌ಪುರದಿಂದ ಆನೆಯ ಮೇಲೆ ಹೊರಡುವ ಬೀಬಿ ಕಾ ಆಲಂ, ಅಂದರೆ ಕರ್ಬಲಾದ ದುಃಖವನ್ನು ನೆನಪಿಸುವ ಲಾಂಛನ, ಮೂಸಿ ನದಿಯ ಬದಿಯ ಚಾದರ್‌ಘಾಟಿನವರೆಗೆ ಸಾಗುತ್ತದೆ. 1956ರವರೆಗೆ ನಿಜಾಮರ ಸಂಸ್ಥಾನದ ನೆನಪನ್ನು ಹೊತ್ತ ಹೈದರಾಬಾದ್ ರಾಜ್ಯದಲ್ಲೇ ಇದ್ದ ರಾಯಚೂರು, ಕಲಬುರಗಿ ಸೀಮೆಯಲ್ಲಿ, ಮುದಗಲ್ಲಿನಂಥ ಊರುಗಳಲ್ಲಿ, ಹಿಂದೂ ಮುಸಲ್ಮಾನರು ಕೂಡಿಯೇ ಆಚರಿಸುವ ಮೊಹರಮ್ಮಿನ ಕೊನೆಗೆ ಅಲಾಯಿ ದೇವರು ‘ಹೊಳೆಗೆ ಹೋಗುತ್ತದೆ’ ಎನ್ನುತ್ತಾರೆ. ಆದರೆ ಆ ದೇವರ ಲೋಹದ ಪಂಜಾಗಳನ್ನು, ಎಂದರೆ ಹಸ್ತದಾಕಾರದ ಲಾಂಛನಗಳನ್ನು, ಯಾರೂ ಹೊಳೆಯಲ್ಲಿ ಬಿಟ್ಟು ಬರುವುದಿಲ್ಲ. ನೀರು ಮುಟ್ಟಿಸಿ, ಬಟ್ಟೆಯಲ್ಲಿ ಸುತ್ತಿ, ಮುಂದಿನ ವರ್ಷಕ್ಕೆಂದು ಪೆಟ್ಟಿಗೆಗೆ ಸೇರಿಸುತ್ತಾರೆ. ಮಣ್ಣಿಗೆ ಮರಳುವ ದಾರಿ, ಲೋಹಕ್ಕೆ ಪೆಟ್ಟಿಗೆಯ ದಾರಿ: ವಸ್ತುವಿನ ಗುಣವರಿತು ರೂಪುಗೊಂಡ ಈ ವಿವೇಕ ಪ್ಲಾಸ್ಟರಿನ ವಿಷಯದಲ್ಲಿ ಮಾತ್ರ ಕೈಕೊಟ್ಟಿದೆ.

ಉತ್ಸವದ ಸೊಬಗನ್ನು ಕಡೆಗಣಿಸಿ ಈ ಮಾತನ್ನು ಆಡುವುದು ಸುಲಭ, ನ್ಯಾಯವಲ್ಲ. 1954ರಲ್ಲಿ ಒಂದಡಿಯ ಮೂರ್ತಿಯಾಗಿ ಶುರುವಾಗಿ ವರ್ಷಕ್ಕೊಂದು ಅಡಿಯಂತೆ ಬೆಳೆದು 2014ರಲ್ಲಿ 60 ಅಡಿ ಮುಟ್ಟಿದ ಖೈರತಾಬಾದ್ ಗಣೇಶನನ್ನು ನೋಡಲು ಕೂಲಿಯವರು, ಸಾಫ್ಟ್‌ವೇರಿನವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 1994ರಲ್ಲಿ 450 ರೂಪಾಯಿಗೆ ಹರಾಜಾದ ಬಾಲಾಪುರದ ಗಣೇಶನ ಲಡ್ಡು ಈಗ ಲಕ್ಷಗಳ ಲೆಕ್ಕದಲ್ಲಿ ಹೋಗುತ್ತದೆ. ಕೂಕಟ್‌ಪಲ್ಲಿ ನಾಲೆ ವರ್ಷವಿಡೀ ಕಾರ್ಖಾನೆಯ ಕೊಳೆಯನ್ನೂ ಚರಂಡಿಯನ್ನೂ ಕೆರೆಗೆ ತಂದಿರುವಾಗ ಹಬ್ಬವನ್ನಷ್ಟೇ ಏಕೆ ದೂರಬೇಕೆಂಬ ಆಕ್ಷೇಪದಲ್ಲೂ ಹುರುಳಿದೆ. ಆದರೂ ನಾಲೆ ತನ್ನನ್ನು ಪೂಜೆಯೆಂದು ಕರೆದುಕೊಳ್ಳುವುದಿಲ್ಲ. 2021ರಲ್ಲಿ ತೆಲಂಗಾಣ ಹೈಕೋರ್ಟು ಪ್ಲಾಸ್ಟರ್ ಮೂರ್ತಿಗಳನ್ನು ಹುಸೇನ್ ಸಾಗರದಲ್ಲಿ ಮುಳುಗಿಸುವುದನ್ನು ತಡೆದಾಗ, ಸುಪ್ರೀಂ ಕೋರ್ಟು ಆ ವರ್ಷಕ್ಕೆ ಮಾತ್ರ ಕೊನೆಯ ಸಲವೆಂದು ಬಿಟ್ಟಿತು; ಮರುವರ್ಷ ಖೈರತಾಬಾದಿನಲ್ಲಿ ಕೂತದ್ದು 50 ಅಡಿಯ ಮಣ್ಣಿನ ಗಣೇಶ, 2024ರಲ್ಲಿ ಅದರ ಎತ್ತರ 70 ಅಡಿ. ಅಷ್ಟು ಎತ್ತರಕ್ಕೆ ಮಣ್ಣು ತಾನಾಗಿ ನಿಲ್ಲದು, ಒಳಗೆ ಕಬ್ಬಿಣದ ಚೌಕಟ್ಟು ಬೇಕೇ ಬೇಕು.

ಕೆರೆಯ ನಡುವೆ, ಜಿಬ್ರಾಲ್ಟರ್ ಬಂಡೆಯ ಮೇಲೆ, ಇದನ್ನೆಲ್ಲ ನೋಡುತ್ತ ಏಕಶಿಲೆಯ ಬುದ್ಧ ನಿಂತಿದ್ದಾನೆ. 1990ರ ಮಾರ್ಚಿನಲ್ಲಿ ಅವನನ್ನು ಸಾಗಿಸುತ್ತಿದ್ದ ದೋಣಿ ಮಗುಚಿ, ಕೆಲಸಗಾರರು ಪ್ರಾಣ ಕಳೆದುಕೊಂಡು, ವಿಗ್ರಹ ಎರಡು ವರ್ಷಕ್ಕೂ ಮಿಕ್ಕಿ ತಳದಲ್ಲಿತ್ತು. 1992ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಸಕಲವೂ ಅನಿತ್ಯವೆಂದು, ಎಂದರೆ ಕ್ಷಣಕ್ಷಣಕ್ಕೂ ಅಳಿಯುವಂಥದ್ದೆಂದು, ಬೋಧಿಸಿದವನ ಗ್ರಾನೈಟ್ ರೂಪವನ್ನು ನೀರು ಒಂದಿಷ್ಟೂ ಸವೆಸಿರಲಿಲ್ಲ.

ವಿಸರ್ಜನೆಯ ಮರುದಿನ ದಡದಲ್ಲಿ ಕ್ರೇನುಗಳು ಚೌಕಟ್ಟುಗಳನ್ನು ಮೇಲೆತ್ತುತ್ತವೆ: ಒದ್ದೆ ಹುಲ್ಲು, ಗೋಣಿ ಚೂರು, ಬಾಗಿದ ಸರಳು. ಗುಜರಿ ಹುಡುಗರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಆ ಸರಳುಗಳಿಗೆ ಅಂಟಿದ ಪ್ಲಾಸ್ಟರನ್ನು ಕಲ್ಲಿನಿಂದ ಕುಟ್ಟಿ ಉದುರಿಸಿ, ಕಬ್ಬಿಣವನ್ನು ಬೇರೆ ಮಾಡಿ, ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಅಲ್ಲಿಂದ ಅದು ಕುಲುಮೆಗೆ ಹೋಗಿ ಕರಗುತ್ತದೆ.