ಸಿಟ್ಟು ಮಾಡಿಕೊಳ್ಳಬಾರದೆ?

ಸಿಟ್ಟು ಕೆಟ್ಟದ್ದು ಎಂದು ಕಲಿತು, ಅದನ್ನೇ ಕಲಿಸಿಕೊಂಡು ಬಂದವಳು ನಾನು. ತನ್ನ ಮೇಲೆ ಮುನಿದವರ ಮೇಲೆ ತಾನೂ ಮುನಿಯುವುದೇಕೆ ಎಂದು ಕೇಳುವ ಬಸವಣ್ಣನವರ ವಚನವನ್ನು ಎಷ್ಟೋ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಮನೆಯಲ್ಲಿಯೂ ಅಷ್ಟೆ. ಹೆಂಗಸಿಗೆ ಸಿಟ್ಟು ಬಂದರೆ ಅಡಿಗೆಮನೆಯಲ್ಲಿ ಪಾತ್ರೆ ಸದ್ದಾಗಬಹುದು, ಅದಕ್ಕಿಂತ ಹೆಚ್ಚೇನೂ ಆಗಬಾರದು ಎಂಬುದು ನಮ್ಮ ಅತ್ತೆಯವರ ಕಾನೂನು. ಈಗ ಐವತ್ತು ದಾಟಿದ ಮೇಲೆ ಒಂದು ಸಿಟ್ಟು ಬಂದು ಕೂತಿದೆ. ತಿಂಗಳುಗಳಾದರೂ ಇಳಿದಿಲ್ಲ. ಇಳಿಯಲಿ ಎಂದು ನನಗೂ ಅನ್ನಿಸುತ್ತಿಲ್ಲ. ಹೀಗಿರುವುದು ಸರಿಯೇ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಹಸುಗೂಸಾಗಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲು ಸೋತವು. ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲಿನ ಮೇಲೆ ಶಾಲೆಗೆ ಬರುತ್ತಿದ್ದಳು. ಈಗ ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹಚ್ಚುತ್ತಾಳೆ, ಕುಚ್ಚು ಕಟ್ಟುತ್ತಾಳೆ. ನಮ್ಮೂರಿನ ಯಾವ ಮದುವೆಗೆ ಹೋದರೂ ಅವಳ ಕೈಯ ಕುಚ್ಚು ಕಣ್ಣಿಗೆ ಬೀಳುತ್ತದೆ. ಹಳೆಯ ಸರ್ಟಿಫಿಕೇಟಿನಲ್ಲಿ ಅವಳ ಅಂಗವೈಕಲ್ಯ ಶೇಕಡಾ 80 ಎಂದಿತ್ತು, ತಿಂಗಳಿಗೆ 1400 ರೂಪಾಯಿ ಬರುತ್ತಿತ್ತು. ಹೊಸ ಯು.ಡಿ.ಐ.ಡಿ. ಕಾರ್ಡಿಗಾಗಿ ಮತ್ತೆ ತಪಾಸಣೆ ಆಯಿತು. ಈ ಸಲ 70 ಎಂದು ಬರೆದರು. 75ರ ಗೆರೆಯಿಂದ ಕೆಳಗೆ ಬಂದಳು. 1400 ಹೋಗಿ 800 ಆಯಿತು.

ತಪಾಸಣೆಯ ದಿನ ಅವಳು ಇಸ್ತ್ರಿ ಮಾಡಿದ ಚೂಡಿದಾರ ಹಾಕಿ, ಹೂ ಮುಡಿದುಕೊಂಡು ಹೋಗಿದ್ದಳು. ಕ್ಯಾಲಿಪರ್ ಬಿಚ್ಚಿಟ್ಟು ತೆವಳಿಕೊಂಡು ಹೋಗು ಎಂದು ತಾಯಿ ಹೇಳಿದ್ದರಂತೆ. ಇವಳು ಒಪ್ಪಲಿಲ್ಲ. “ಯಾರ ಮುಂದೇನೂ ಕುಗ್ಗಬೇಡ ಅಂತ ಹೇಳಿಕೊಟ್ಟೋರು ನೀವೇ ಅಲ್ವಾ ಟೀಚರ್?” ಎಂದು ನಕ್ಕಳು. ಹೌದು, ನಾನೇ. ಆ ಪಾಠಕ್ಕೆ ಈಗ ಅವಳು ತಿಂಗಳು ತಿಂಗಳೂ 600 ರೂಪಾಯಿ ತೆರುತ್ತಿದ್ದಾಳೆ. ನಾನೂ ಅಂಕ ಹಾಕುವವಳು. 33 ಬಂದ ಮಗುವಿಗೆ ಇನ್ನೆರಡು ಎಲ್ಲಿ ಸಿಕ್ಕೀತು ಎಂದು ಉತ್ತರಪತ್ರಿಕೆಯನ್ನು ತಿರುವಿ ತಿರುವಿ ನೋಡಿದ್ದೇನೆ. ಕಷ್ಟಪಟ್ಟು ನಿಂತವಳಿಗೇ ಅಂಕ ಕಳೆಯುವ ಪರೀಕ್ಷೆಯನ್ನು ನಾನು ಕಂಡಿರಲಿಲ್ಲ.

ಅವಳ ಜೊತೆ ಕಚೇರಿಗೆ ಹೋದೆ. ಜಗಳಕ್ಕೆಂದೇ ಹೋದದ್ದು. ಅಲ್ಲಿದ್ದ ಹುಡುಗ ಎದ್ದು ನನಗೆ ಕುರ್ಚಿ ಕೊಟ್ಟ. ಕುರ್ಚಿ ಬೇಕಾದವಳು ಪಕ್ಕದಲ್ಲಿದ್ದಾಳೆಂದು ಅವನಿಗೂ ಹೊಳೆಯಲಿಲ್ಲ, ಕೂತೇಬಿಟ್ಟ ನನಗೂ ಹೊಳೆಯಲಿಲ್ಲ. “70 ಅಂತ ಇದ್ರೆ 800 ಅಂತಾನೇ ಬರುತ್ತೆ ಮೇಡಂ, ನಾನೇನ್ ಮಾಡ್ಲಿ?” ಎಂದ. ಅವನ ಮಾತು ನಿಜವೇ. ಡಾಕ್ಟರೂ ಅಳತೆಯ ಪಟ್ಟಿ ನೋಡಿ ಬರೆದವರು. ಹಾಗಾದರೆ ಯಾರ ಮೇಲೆ ಸಿಟ್ಟಾಗುವುದು? ಎದುರಿಗೆ ಮುಖವಿಲ್ಲದ ಸಿಟ್ಟು ಬಲು ಕಷ್ಟದ್ದು. ಮನೆಗೆ ತಂದು ಗಂಡನ ಮೇಲೆ ಹಾಕುತ್ತೇವೆ!

ಆಮೇಲೆ ಲೆಕ್ಕ ನೋಡುತ್ತಾ ಕೂತೆ. ಬಡತನದ ರೇಖೆಗಿಂತ ಕೆಳಗಿದ್ದು, ಶೇಕಡಾ 80ರಷ್ಟು ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ. 2012ರಲ್ಲಿ 200 ಇದ್ದದ್ದು 300 ಆಯಿತು, ಅಲ್ಲಿಗೇ ನಿಂತಿತು. ಹೆಚ್ಚಿಸಿ ಎಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಮತ್ತೆ ಮತ್ತೆ ಹೇಳಿದೆ. 2012ರ 300 ರೂಪಾಯಿಗೆ ಎಷ್ಟು ಬೇಳೆ, ಎಷ್ಟು ಎಣ್ಣೆ ಬರುತ್ತಿತ್ತು, ಈಗೆಷ್ಟು ಬರುತ್ತದೆ ಎಂದು ಮನೆ ನಡೆಸುವ ನಿಮಗೆ ನಾನು ಹೇಳಬೇಕೆ? ಯಾರೂ ಆದೇಶ ಹೊರಡಿಸದೆಯೂ ಕಡಿತ ಆಗುತ್ತದೆ. ಇನ್ನು ನಮ್ಮ ರಾಜ್ಯದ್ದು. 2021ರಲ್ಲಿ ವೃದ್ಧರ ಸಂಧ್ಯಾಸುರಕ್ಷಾ 1200 ಆಯಿತು. ಅದರ ಜೊತೆಗೇ 75ರ ಗೆರೆಯ ಕೆಳಗಿನ ಅಂಗವಿಕಲರಿಗೆ 600 ಇದ್ದದ್ದು 800 ಆಯಿತು. ಇಂಥ ಯೋಜನೆಗಳಲ್ಲಿ ಅಂಗವಿಕಲರಿಗೆ ಇತರರಿಗಿಂತ ಶೇಕಡಾ 25ರಷ್ಟಾದರೂ ಹೆಚ್ಚು ಕೊಡಬೇಕೆಂದು 2016ರ ಕಾಯಿದೆ ಹೇಳುತ್ತದೆ. 1200ಕ್ಕೆ ಅದರ ಶೇಕಡಾ 25 ಸೇರಿಸಿದರೆ ಎಷ್ಟು? ಏಳನೆಯ ತರಗತಿಯ ಮಕ್ಕಳು ಬಾಯಿಲೆಕ್ಕದಲ್ಲೇ 1500 ಎನ್ನುತ್ತಾರೆ.

ನನ್ನ ಲೆಕ್ಕವನ್ನೂ ಹೇಳಬೇಕು. 2023ರ ಮಾರ್ಚ್ 1ರಂದು ನಾವು ಸರ್ಕಾರಿ ನೌಕರರು ಮುಷ್ಕರ ಹೂಡಿದೆವು. ಅಂದೇ ಶೇಕಡಾ 17ರ ಮಧ್ಯಂತರ ಪರಿಹಾರಕ್ಕೆ ಆದೇಶವಾಯಿತು. 2024ರ ಆಗಸ್ಟಿನಿಂದ ಏಳನೆಯ ವೇತನ ಆಯೋಗದ ಸಂಬಳ. ಬೆಲೆ ಏರಿದಂತೆ ತುಟ್ಟಿಭತ್ಯೆ ಬೇರೆ. ನಾವು ಶಾಲೆ ಮುಚ್ಚಿದರೆ ಊರೆಲ್ಲ ತಿರುಗಿ ನೋಡುತ್ತದೆ. ಅವಳು ಕುಚ್ಚು ಕಟ್ಟುವುದನ್ನು ನಿಲ್ಲಿಸಿದರೆ ನಿಲ್ಲುವುದು ಅವಳ ಅನ್ನ ಮಾತ್ರ.

ಕಳೆದುಹೋದ 600ನ್ನು ತಿಂಗಳು ತಿಂಗಳೂ ನಾನೇ ಕೊಡುತ್ತೇನೆ ಎಂದೆ. ಹಾಗೆ ಹೇಳಿದಾಗ ನನ್ನ ಬಗ್ಗೆ ನನಗೇ ಒಂದಿಷ್ಟು ಹೆಮ್ಮೆಯೂ ಆಗಿರಬೇಕು. ಅವಳು ಸೂಜಿಗೆ ದಾರ ಪೋಣಿಸುತ್ತಾ, “ಬೇಡಿ ಟೀಚರ್. ಆಮೇಲೆ ನಿಮ್ಮ ಸೀರೆ ಕುಚ್ಚಿಗೆ ಕೂಲಿ ಕೇಳೋಕೆ ನನಗೆ ಬಾಯಿ ಬರುತ್ತಾ?” ಎಂದಳು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕನಿಕರ ಅವಳನ್ನು ಸಾಲಗಾರಳನ್ನಾಗಿ ಮಾಡುತ್ತಿತ್ತು. ಸಿಟ್ಟಿನಿಂದ ಹಾಗೆ ಆಗುವುದಿಲ್ಲ, ಅವಳಿಗೆ ಸಲ್ಲಬೇಕಾದದ್ದು ಬಂದಿಲ್ಲ ಎಂದಷ್ಟೇ ಅದು ಹೇಳುತ್ತದೆ. ವಚನವನ್ನೂ ಮತ್ತೆ ನೆನೆದೆ. ಅಲ್ಲಿರುವುದು ನನ್ನ ಮೇಲೆ ಮುನಿದವರ ಮಾತು. ಇನ್ನೊಬ್ಬರಿಗೆ ಅನ್ಯಾಯವಾದಾಗಲೂ ತೆಪ್ಪಗಿರು ಎಂದು ಅದರಲ್ಲಿ ಎಲ್ಲಿದೆ? ಅದನ್ನು ಸೇರಿಸಿಕೊಂಡು ಓದಿದವಳು ನಾನೇ, ನನ್ನ ಅನುಕೂಲಕ್ಕೆ.

ಸರ್ಟಿಫಿಕೇಟಿನ ವಿರುದ್ಧ ಮೇಲ್ಮನವಿಗೆ ಕಾಯಿದೆಯಲ್ಲಿ ಅವಕಾಶವಿದೆ. ಒಂದು ಭಾನುವಾರ ಇಬ್ಬರೂ ಕೂತು ಬರೆದೆವು. ಕೈಗೆ ಅಭ್ಯಾಸ ನೋಡಿ, ಕೊನೆಯ ಸಾಲಿಗೆ “ತಾವು ದಯಮಾಡಿ ಪರಿಶೀಲಿಸಬೇಕೆಂದು ಬೇಡಿಕೊಳ್ಳುತ್ತೇನೆ” ಎಂದು ಬರೆದೆ. ರಜಾ ಅರ್ಜಿಯಿಂದ ಹಿಡಿದು ಎಲ್ಲ ಅರ್ಜಿಗೂ ನಾನು ಕಲಿಸಿದ ಮುಕ್ತಾಯ ಅದೇ. ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು.

“ಟೀಚರ್, ಈ ಬೇಡಿಕೊಳ್ಳೋದು ಬೇಕಾ?”

ಹೊಡೆದುಹಾಕಿದೆ. ಹಾಳೆ ಗಲೀಜಾಯಿತೆಂದು ಅವಳೇ ಇನ್ನೊಂದು ಹಾಳೆ ತೆಗೆದುಕೊಂಡು ದುಂಡು ಅಕ್ಷರದಲ್ಲಿ ಮೊದಲಿನಿಂದ ಬರೆದಳು.