ಅಜ್ಜನೂ ನಕ್ಕರಲ್ಲವೇ?



ಖಾನಾಪುರದ ಒಂದು ಮನೆಗೆ ಊಟಕ್ಕೆ ಹೋಗಿದ್ದೆ. ಟಿ.ವಿ.ಯಲ್ಲಿ 1972ರ ‘ಬಂಗಾರದ ಮನುಷ್ಯ’ ಬರುತ್ತಿತ್ತು. ರಾಚೂಟಪ್ಪನಾಗಿ ನಟಿಸಿದ ಬಾಲಕೃಷ್ಣ ಅವರ ಮಾತಿನ ವರಸೆಗೆ ಮನೆಮಂದಿಯೆಲ್ಲ ನಗುತ್ತಿದ್ದರು. ಅಷ್ಟರಲ್ಲಿ ಮೊಮ್ಮಗ, “ಅಜ್ಜಾ, ಊಟಾ ಆತೇನು?” ಎಂದ. ಕಿವಿ ಮಂದವಾದ ಅಜ್ಜ, “ಓಟಾ? ಹಾಕಿ ಬಂದೀನಲ್ಲೋ!” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಜ್ಜ ಒಬ್ಬೊಬ್ಬರ ಮುಖ ನೋಡಿ ತಾವೂ ನಕ್ಕರು. ಆಮೇಲೆ ತಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಹೋದರು.

ಪರದೆಯ ಮೇಲಿದ್ದ ಬಾಲಕೃಷ್ಣ ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಎಂಬುದು ನಿಮಗೆ ಗೊತ್ತೇ? ರಂಗಭೂಮಿಯಿಂದ ಬಂದ ಅವರು 1943ರ ‘ರಾಧಾ ರಮಣ’ದಿಂದ ಚಿತ್ರರಂಗ ಸೇರಿದರು. ಎದುರಿನವರ ತುಟಿ ನೋಡಿ ಮಾತನ್ನು ಗ್ರಹಿಸಿ, ತಕ್ಕ ಸಮಯಕ್ಕೆ ಉತ್ತರ ಕೊಡುತ್ತಿದ್ದರು. 1995ರಲ್ಲಿ ತೀರಿಕೊಳ್ಳುವವರೆಗೆ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಹಾಸ್ಯನಟರಾಗಿ, ಖಳರಾಗಿ, ಪೋಷಕ ನಟರಾಗಿ ದುಡಿದರು. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೊಡನೆ ಸರಿಸಮನಾಗಿ ನಿಂತು 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು.

ಹಾಗಾದರೆ ಆ ನಗುವಿಗೂ ಈ ನಗುವಿಗೂ ಏನು ವ್ಯತ್ಯಾಸ? ಹಾಸ್ಯನಟ ಎಡವಿ ಬಿದ್ದರೆ ತಾನೇ ಬಯಸಿ ಬೀಳುತ್ತಾನೆ. ಎಲ್ಲಿ ನಗಬೇಕೆಂದು ಅವನೇ ನಿರ್ಧರಿಸುತ್ತಾನೆ. ನಗು ಅವನು ನಮಗೆ ಕೊಡುವ ಕಾಣಿಕೆ. ಅಜ್ಜ ನಮಗೆ ಏನನ್ನೂ ಕೊಟ್ಟಿರಲಿಲ್ಲ, ನಾವೇ ಕಿತ್ತುಕೊಂಡೆವು.

“ಅಜ್ಜನೂ ನಕ್ಕರಲ್ಲ ಫಾದರ್?” ಎನ್ನಬಹುದು. ಆ ನಗು ಒಪ್ಪಿಗೆಯಲ್ಲ. ಏನು ನಡೆಯಿತೆಂದು ತಿಳಿಯದಿದ್ದರೂ, ತನ್ನವರ ನಡುವೆ ಹೊರಗಿನವನಾಗಬಾರದೆಂಬ ಭಯ ಅದು. ಕಿವುಡನನ್ನು ಶಪಿಸಬಾರದೆಂದು ಯಾಜಕಕಾಂಡ ವಿಧಿಸುತ್ತದೆ. ಶಾಪವನ್ನು ಕೇಳಿಸಿಕೊಳ್ಳಲಾಗದವನು ಅದಕ್ಕೆ ಉತ್ತರವನ್ನೂ ಕೊಡಲಾರ. ನಮ್ಮ ನಗುವಿಗೆ ಅಜ್ಜನ ಬಳಿಯೂ ಉತ್ತರವಿರಲಿಲ್ಲ.

ಮನೆಯಲ್ಲಿ ನಗು ಬೇಡವೆಂದು ನಾನು ಹೇಳುತ್ತಿಲ್ಲ. ನಗುವ ಮೊದಲು ಒಂದು ಕ್ಷಣ ಕೇಳಿಕೊಳ್ಳಿ: ಇದರಲ್ಲಿ ಅವರಿಗೂ ಪಾಲಿದೆಯೇ? ಹಿರಿಯರ ಎದುರು ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಮಾತನಾಡಿ. ಬೆಳಗಾವಿಗೆ ಕರೆದೊಯ್ದು ಕಿವಿಯ ಡಾಕ್ಟರಿಗೆ ತೋರಿಸಿ. ಒಂದು ಮಷೀನಿನಿಂದ ಎಷ್ಟೋ ಜನ ಮತ್ತೆ ಮನೆಯ ಮಾತಿಗೆ ಸೇರಿಕೊಂಡಿದ್ದಾರೆ.

ಆ ದಿನ ನಾನೂ ತಟ್ಟೆ ಹಿಡಿದು ಕಟ್ಟೆಗೆ ಹೋದೆ. ಅಜ್ಜನ ಎದುರು ಕುಳಿತು, ಮೊಮ್ಮಗ ಕೇಳಿದ್ದೇನೆಂದು ನಿಧಾನವಾಗಿ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಊಟಾ ಕೇಳಿದ್ನೇನ್ರಿ? ನಾ ಓಟಂತ ತಿಳಕೊಂಡೆ!” ಎಂದು ಮನಸಾರೆ ನಕ್ಕರು. ಆಗ ನಾನೂ ನಕ್ಕೆ.