ಹಣ ದೊಡ್ಡವರದು, ಆಟ ಮಗುವಿನದು

ಅಂಗಿ ಹೊಲಿಸಿದವನು ಅದನ್ನು ತಾನೇ ತೊಡುತ್ತಾನೆ. ಬಿಗಿಯಾದರೆ ದರ್ಜಿಯ ಬಳಿ ಹೋಗಿ ಜಗಳವಾಡುತ್ತಾನೆ. ಆಟಿಕೆಯ ವಿಷಯ ಹಾಗಲ್ಲ. ಹೇಳಿ ಮಾಡಿಸುವವರು, ಹಣ ಕೊಡುವವರು ದೊಡ್ಡವರು. ಅದನ್ನು ಕಚ್ಚುವುದು, ಎಸೆಯುವುದು, ಅಪ್ಪಿಕೊಂಡು ಮಲಗುವುದು ಮಗು. ಹಾಗಾದರೆ ಆಟಿಕೆ ಮಾಡುವವನು ಯಾರ ಮಾತು ಕೇಳಬೇಕು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನಾವು ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿರುವವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಪಾಲಕ್ಕಾಡು ಹತ್ತಿರವಾದ್ದರಿಂದ ಬ್ಯಾಂಕಿನ ಕೌಂಟರಿನಲ್ಲಿ ಮಲಯಾಳವೂ ಕಿವಿಗೆ ಬೀಳುತ್ತದೆ. ತಮ್ಮನ ಮಗ ಗೋಡೆ ಹಿಡಿದು ನಿಲ್ಲತೊಡಗಿದಾಗ ಅವನಿಗೆ ಮೂರು ಗಾಲಿಯ ಮರದ ಗಾಡಿಯೊಂದನ್ನು ಮಾಡಿಸಬೇಕೆಂದುಕೊಂಡೆ. ಮಗು ಹಿಡಿದು ತಳ್ಳುತ್ತ ನಡೆ ಕಲಿಯುವ ಈ ಗಾಡಿಯನ್ನು ತಮಿಳರು ನಡೈವಂಡಿ ಎನ್ನುತ್ತಾರೆ. ನಮ್ಮ ಕಡೆಯ ಹಿರಿಯ ಆಚಾರಿಯೊಬ್ಬರಿಗೆ ಮುಂಗಡ ಕೊಟ್ಟು ನನ್ನ ಬೇಡಿಕೆಗಳನ್ನು ಹೇಳಿದೆ: ಹಿಡಿಯ ಎರಡು ತುದಿಗೂ ಚೂಪು ಕೊಕ್ಕಿನ ಗಿಳಿ, ಮೈತುಂಬ ಹೊಳೆಯುವ ಹಳದಿ ಬಣ್ಣ, ಮುಂದೆ ಕನ್ನಡದಲ್ಲಿ ಮಗುವಿನ ಹೆಸರು.

ಹೆಸರಿಗೆ ಒಪ್ಪಿದರು, ಉಳಿದೆರಡಕ್ಕೆ ಒಲ್ಲೆನೆಂದರು. ಅವರು ತಮಿಳಿನಲ್ಲಿ ಹೇಳಿದ್ದರ ಸಾರ ಇಷ್ಟು: "ಕಾಸು ನಿಮ್ಮದು ಸಾರ್, ಬಾಯಿ ಮಗುವಿನದಲ್ಲವೇ?"

ನನಗೆ ಸಿಟ್ಟು ಬಂತು. ಹಣ ಕೊಡುವವನು ನಾನು, ಬೇಡವೆನ್ನಲು ಇವರು ಯಾರು? ಮುಂಗಡ ಹಿಂದಕ್ಕೆ ಪಡೆದು ಬೇರೊಂದು ಕಡೆ, ಹೇಳಿದ್ದನ್ನು ಹೇಳಿದಂತೆ ಮಾಡುವವರಲ್ಲಿ, ಗಾಡಿ ಮಾಡಿಸಿದೆ. ನೋಡಿದವರೆಲ್ಲ ಹೊಗಳಿದರು. ವಾರ ಕಳೆಯುವುದರೊಳಗೆ ಹಿಡಿಯ ಹಳದಿ ಬಣ್ಣ ಚಕ್ಕೆಯೆದ್ದು ಮಗುವಿನ ತುಟಿಗೆ ಅಂಟಿತ್ತು. ಮಗುವಿಗೆ ಏನೂ ಆಗಲಿಲ್ಲ. ಗಾಡಿ ಅಟ್ಟ ಸೇರಿತು.

ಆಮೇಲೆ ತಿಳಿದುಕೊಂಡೆ. ಕಣ್ಣು ಕೋರೈಸುವ ಕೆಲವು ಹಳದಿ, ಕಿತ್ತಳೆ ಬಣ್ಣಗಳ ಹೊಳಪು ಸೀಸದಿಂದ ಬರುತ್ತದೆ; ಬೆಳೆಯುವ ಮಿದುಳಿಗೆ ಸೀಸ ವಿಷ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ನೋಂದಾಯಿತ ಕರಕುಶಲ ಕೆಲಸಗಾರರಿಗೆ, ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೆ ಇದರಿಂದ ವಿನಾಯಿತಿಯಿದೆ. ಇದು ನ್ಯಾಯವೇ. ದಿನಕ್ಕೆ ನಾಲ್ಕು ಬುಗುರಿ ಕಡೆಯುವವನು ಪ್ರಯೋಗಾಲಯದ ಶುಲ್ಕ ಎಲ್ಲಿಂದ ತಂದಾನು? ಆದರೆ ಕಾನೂನು ಪಕ್ಕಕ್ಕೆ ಸರಿದ ಕಡೆ ಪರೀಕ್ಷಕನಾಗಿ ಉಳಿಯುವುದು ಕೆಲಸಗಾರನ ಮನಸ್ಸಾಕ್ಷಿಯೊಂದೇ.

ಹಳೆಯ ಕಸುಬುಗಳಲ್ಲಿ ಈ ಎಚ್ಚರ ಕೆಲಸದೊಳಗೇ ಬೆರೆತಿದೆ. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣವನ್ನೇ ನೋಡಿ. ಅಲ್ಲಿ ಗೊಂಬೆಗೆ ಬಳಸುವುದು ಮೆತ್ತನೆಯ ಬಿಳಿಯ ಹಾಲೆ ಮರ. ನಮ್ಮ ಈ 'ಹಾಲೆ'ಯೇ ತಮಿಳರ 'ಪಾಲೈ', ಮಲಯಾಳಿಗಳ 'ಪಾಲ'. ಮೂರು ಮನೆಗೂ ಒಂದೇ ಹಾಲು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ಗರಿಯ ತುಂಡನ್ನು ಒತ್ತಿ ಹೊಳಪು ತರುತ್ತಾರೆ. ಮೂಲೆಗಳೆಲ್ಲ ದುಂಡಗೆ. ಕಡೆದ ಗೊಂಬೆ ಚುಚ್ಚುವುದು ಕಡಿಮೆ.

ನನ್ನ ಉದ್ಯೋಗದ ಒಂದು ಉದಾಹರಣೆ ಹೇಳುತ್ತೇನೆ. ಅಪ್ರಾಪ್ತ ಮಗುವಿನ ಹೆಸರಿನ ಖಾತೆಗೆ ಸಹಿ ಹಾಕುವವರು ತಂದೆಯೋ ತಾಯಿಯೋ. ಆದರೆ ಹಣ ಅವರದಲ್ಲ. ಮಗುವಿನ ಹಿತಕ್ಕಾಗಿ ಮಾತ್ರ ಅದನ್ನು ತೆಗೆಯಬೇಕು. ಹೇಳಿ ಮಾಡಿಸಿದ ಆಟಿಕೆಯೂ ಇಂಥದೇ ಖಾತೆ. ಗಿರಾಕಿ ಪೋಷಕ ಮಾತ್ರ, ಒಡೆಯನಲ್ಲ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕುಳಿತು ಈ ನಿಯಮವನ್ನು ಇತರರಿಗೆ ಹೇಳಿದವನಿಗೆ ಆಚಾರಿಯವರ ಅಂಗಳದಲ್ಲಿ ಅದು ನೆನಪಾಗಲಿಲ್ಲ.

ಕೆಲಸಗಾರನಿಗೂ ಹೊಟ್ಟೆಯಿದೆಯಲ್ಲ ಎನ್ನಬಹುದು. ನಿಜ. ಬಂದ ಕೆಲಸವನ್ನು ಬೇಡವೆನ್ನುವುದು ಉಳ್ಳವರಿಗೆ ಸುಲಭ, ಇಲ್ಲದವರಿಗೆ ಕಷ್ಟ. ಆದ್ದರಿಂದ ಭಾರವನ್ನೆಲ್ಲ ಅವನ ಮೇಲೆ ಹೊರಿಸುವಂತಿಲ್ಲ. ಉಪ್ಪುಕಾಗದದಿಂದ ಮರವನ್ನು ಎರಡು ಗಂಟೆ ಹೆಚ್ಚು ಉಜ್ಜಿದ್ದು ಕಣ್ಣಿಗೆ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ನಾವು ಚೌಕಾಸಿ ಮಾಡುತ್ತೇವೆ. ಬಣ್ಣಕ್ಕೆ ಹಣ ಕೊಟ್ಟು ನುಣುಪಿಗೆ ಕೊಡದಿದ್ದರೆ ಒಳ್ಳೆಯ ಕೆಲಸಗಾರನನ್ನು ನಾವೇ ಕೆಡಿಸಿದಂತೆ.

ಮತ್ತೆ ಆಚಾರಿಯವರಲ್ಲಿಗೆ ಹೋದೆ. ಅವರು ಏನೂ ಅನ್ನಲಿಲ್ಲ. ಹೇಳಿದ ಬೆಲೆ ಕೊಟ್ಟೆ. ಬಣ್ಣವಿಲ್ಲದ, ಎಣ್ಣೆ ಸವರಿದ ಗಾಡಿ ಬಂತು; ಮುಂದೆ ಮಗುವಿನ ಹೆಸರು. ಕನ್ನಡ ಓದಲು ಬಾರದ ಅವರು ನಾನು ಬರೆದುಕೊಟ್ಟ ಚೀಟಿಯನ್ನು ಚಿತ್ರ ನೋಡುವಂತೆ ನೋಡಿ, ಒಂದು ಕೊಂಬೂ ತಪ್ಪದಂತೆ ಕೆತ್ತಿದ್ದರು.

ಇಲ್ಲೇ ಇನ್ನೊಂದು ಪ್ರಶ್ನೆ ನನ್ನನ್ನು ಕಾಡಿತು. ಆ ಅಕ್ಷರಗಳಾದರೂ ಮಗು ಬಯಸಿದ್ದೇ? ಮುಂದೆ ಶಾಲೆಯಲ್ಲಿ ಅವನಿಗೆ ಕನ್ನಡ ಸಿಗುವುದಿಲ್ಲ ಎಂಬ ಅಳಲು ನನ್ನದು. ಅದನ್ನು ಅವನ ಆಟಿಕೆಯ ಮೇಲೆ ಕೆತ್ತಿಸಿದ್ದೂ ಹಳದಿ ಬಣ್ಣದಂತೆ ದೊಡ್ಡವರ ಹಂಬಲವೇ ಅಲ್ಲವೇ? ಹೌದು. ಆದರೆ ಅದು ಮಗುವನ್ನು ಚುಚ್ಚುವುದಿಲ್ಲ. ಆಚಾರಿಯವರು ಎರಡನ್ನು ಬೇಡವೆಂದು ಮೂರನೆಯದಕ್ಕೆ ಒಪ್ಪಿದ್ದು ಈ ವಿವೇಕದಿಂದಲೇ ಇರಬೇಕು. ದೊಡ್ಡವರ ಆಸೆಗೂ ಆಟಿಕೆಯಲ್ಲಿ ಎಡೆಯಿದೆ, ಮಗುವಿಗೆ ನೋವಾಗದಷ್ಟು.

ಗಾಡಿ ತಳ್ಳಿ ದಣಿದಾಗ ಮಗು ಆ ಅಕ್ಷರಗಳ ಹಳ್ಳದಲ್ಲಿ ಬೆರಳಾಡಿಸುತ್ತಾನೆ. ಕೆತ್ತುವುದು ಆಚಾರಿಯವರ ಕೆಲಸವಾಗಿತ್ತು, ಮಾಡಿದರು. ಓದಲು ಕಲಿಸುವುದು ನಮ್ಮದು. ಅದನ್ನು ಹಣ ಕೊಟ್ಟು ಮಾಡಿಸಲಾಗುವುದಿಲ್ಲ.